ಎಂಜಿನ್ ನಿಂತ್ರ ಪಂಪೂ ನಿಲ್ಲಬೇಕು

ಗೋವಿನಜೋಳಕ್ಕ ಎಡಿ ಹೊಡದು ಮುಗದೈತಿ, ಮಳಿನೂ ಎರಡು ದಿನ ಬಿಡುವು ಕೊಟ್ಟೈತಿ. ಹಂಗಾಗಿ ಇವತ್ತ ಹೊಲದ ಸುದ್ದಿ ಬಿಟ್ಟು ಗಾಡಿ ಸುದ್ದಿ ಬರೀತೇನಿ. ನಮ್ಮ ಕಡೆ ಹಳೇ ಓಮ್ನಿ ಇಟ್ಟುಕೊಂಡವರು ಭಾಳ ಮಂದಿ ಅದಾರ, ಅವರು ಪೂರ್ತಿ ಓದ್ರಿ.

ನನ್ನ ಓಮ್ನಿ 1996ರ ಮಾಡೆಲ್. ನಂಬರ್ ಕೆಎ 25, ಯಾಕಂದ್ರ ಆಗ ಶಿಗ್ಗಾಂವ ಧಾರವಾಡ ಜಿಲ್ಲಾದಾಗ ಇತ್ತು. ಹಾವೇರಿ ಜಿಲ್ಲಾ ಆದದ್ದು 1997ರಾಗ. ಕಾರ್ಬೊರೇಟರ್ ಗಾಡಿ. ಹೋದ ವರ್ಷ ಎಂಜಿನ್ ಹೊಗಿ ಬಿಡಾಕ ಹತ್ತಿತು. ಹುಬ್ಬಳ್ಳಿ ಗುಜರಿಯೊಳಗ 2005ರ ಎಂಪಿಎಫ್‌ಐ ಎಂಜಿನ್, ಇಸಿಯು ಸಮೇತ ಸಿಕ್ತು. ಅದೂ 796 ಸಿಸಿ, ಇದೂ 796 ಸಿಸಿ, ಕೂಡತೈತಿ ಅಂದ್ರು. ಪಂಪ್ ಇರೋ ಟ್ಯಾಂಕ್ ಮತ್ತೊಂದು ಗಾಡೀದು. ಅಂದ್ರ ಬಾಡಿ ಒಂದು ವರ್ಷದ್ದು, ಎಂಜಿನ್ ಇನ್ನೊಂದು ವರ್ಷದ್ದು, ಟ್ಯಾಂಕ್ ಮೂರನೇದು.

ಎಂಜಿನ್ ಕುಂತಿತು. ತೊಡಕಾದದ್ದು ಪೆಟ್ರೋಲ್ ಪಂಪಿಂದು. ಕಾರ್ಬೊರೇಟರ್ ಗಾಡಿಯೊಳಗ ಪಂಪ್ ಎಂಜಿನ್ನಿಗೇ ಹತ್ತಿಕೊಂಡಿರತೈತಿ. ಎಂಜಿನ್ ತಿರುಗಿದ್ರ ಎಳೀತೈತಿ, ನಿಂತ್ರ ತಾನೂ ನಿಲ್ತೈತಿ. ವೈರೂ ಬ್ಯಾಡ, ಒತ್ತಡಾನೂ ಕಡಿಮಿ. ಎಂಪಿಎಫ್‌ಐದಾಗ ಪಂಪ್ ಟ್ಯಾಂಕಿನ ಒಳಗ ಕರೆಂಟಿನ ಮ್ಯಾಲೆ ನಡೀತೈತಿ, ಒತ್ತಡ ಸುಮಾರು 3 ಬಾರ್. ನನ್ನ ಹಳೇ ವೈರಿಂಗ್‌ನಾಗ ಅದಕ್ಕ ದಾರೀನ ಇದ್ದಿಲ್ಲ.

ಕೂಡಿಸಿದ ಮಿಸ್ತ್ರಿ, "ಕಾಕಾ, ಚಾವಿ ವೈರಿಗೆ ಡೈರೆಕ್ಟ್ ಕೊಡ್ತೇನಿ, ರಿಲೇ ಯಾಕ ಬೇಕು?" ಅಂದ. ಇನ್ನೂರು ರೂಪಾಯಿ ಉಳೀತು ಅಂತ ನಾನೂ ಹೂಂ ಅಂದೆ. ತಪ್ಪು ನಂದೂ ಐತಿ.

ಮೂರು ವಾರ ಚಲೋ ಓಡ್ತು. ಒಂದಿನ ಸಂಜಿಮುಂದ ಬಂಕಾಪುರದಿಂದ ಬರಾಗ ಹೈವೇ ಮ್ಯಾಲೆ ಗಾಡಿ ನಿಂತಬಿಡ್ತು. ಬಾಜೂ ಸೀಟಿನಾಗ ಮೊಮ್ಮಗ ಇದ್ದ. ಎಂಜಿನ್ ಬಂದ್ ಆಗೈತಿ, ಆದ್ರ ಹಿಂದ ಗುಂಯ್ ಅಂತ ಪಂಪ್ ನಡದೇ ಐತಿ. ಪೆಟ್ರೋಲ್ ವಾಸನಿ ಮೂಗಿಗೆ ಹೊಡೀತು. ಚಾವಿ ತಿರುವಿ ಆಫ್ ಮಾಡಿ, ಹುಡುಗನ್ನ ಎತ್ತಿಕೊಂಡು ದೂರ ಹೋಗಿ ನಿಂತೆ. ಆಮ್ಯಾಲೆ ಬಗ್ಗಿ ನೋಡಿದ್ರ, ಹಳೇ ಕಾರ್ಬೊರೇಟರ್ ಕಾಲದ ರಬ್ಬರ್ ಪೈಪು ಒತ್ತಡ ತಾಳಲಾರದ ಕಳಚಿತ್ತು. ಪಂಪ್ ರಸ್ತಾಕ್ಕ ಪೆಟ್ರೋಲ್ ಸುರೀತಿತ್ತು. ಓಮ್ನಿ ಎಂಜಿನ್ ಎಲ್ಲಿರತೈತಿ ನಿಮಗ ಗೊತ್ತು, ನಾವು ಕುಂಡ್ರೋ ಸೀಟಿನ ಕೆಳಗ. ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ.

ಮರುದಿನ ಐಟಿಐ ಮಾಡಿದ ಅಳಿಯನ್ನ ಕರಕೊಂಡು ಬೇವಿನ ಗಿಡದ ಕೆಳಗ ಕುಂತೆ. ಮೀಟರ್ ಹಚ್ಚಿದ್ರ ಬ್ಯಾಟರಿ ಹತ್ರ 12.5 ವೋಲ್ಟ್, ಪಂಪಿನ ಹತ್ರ 9.8. ಬೋರಿಗೆ ಸಣ್ಣ ಕೇಬಲ್ ಬಿಟ್ರ ಹೆಂಗ ಆಗತೈತೋ ಇದೂ ಹಂಗ. ಚಾವಿಯ ಸಣ್ಣ ವೈರು ಪಂಪಿನ ಭಾರ ಹೊತ್ತು ಬಿಸಿಯಾಗಿತ್ತು.

ರಿಲೇ ಅಂದ್ರ ನಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್ ಇದ್ದಂಗ. ಹಸಿರು ಬಟನ್‌ನಿಂದ ಹೋಗೋ ಸಣ್ಣ ಕರೆಂಟು ಕಾಯಿಲ್ ಎಳೀತೈತಿ, ಮೋಟರಿನ ದೊಡ್ಡ ಕರೆಂಟು ಬ್ಯಾರೆ ದಾರೀಲೆ ಹೋಗತೈತಿ. ನಾವು ಹಾಕಿದ್ದು ಹಿಂಗ: 30ನೇ ಪಿನ್ನಿಗೆ ಬ್ಯಾಟರಿಯಿಂದ ದಪ್ಪ ವೈರು, ಬ್ಯಾಟರಿ ಹತ್ರಾನ 15 ಆಂಪ್ ಫ್ಯೂಸ್. 87ರಿಂದ ಪಂಪಿಗೆ. 86ಕ್ಕ ಚಾವಿ ಕರೆಂಟು. 85 ಇಸಿಯುಗೆ. ನನ್ನ ಇಸಿಯು ಈ 85ಕ್ಕ ಅರ್ಥ್ ಕೊಟ್ರ ಮಾತ್ರ ರಿಲೇ ಹಿಡೀತೈತಿ. ಎಂಜಿನ್ ತಿರುಗೋದು ನಿಂತ್ರ ಇಸಿಯು ಅರ್ಥ್ ಬಿಡತೈತಿ, ಪಂಪ್ ಬಂದ್. ಚಾವಿಗೆ ಎಂಜಿನ್ ನಿಂತದ್ದು ಗೊತ್ತಾಗೂದಿಲ್ಲ, ಇಸಿಯುಗೆ ಗೊತ್ತಾಗತೈತಿ. ಇಡೀ ವಿಷಯ ಇಷ್ಟ.

ವೈರಿನ ಬಣ್ಣ ನೋಡಿ ಕೂಡಿಸಬ್ಯಾಡ್ರಿ. ನನ್ನ ಟ್ಯಾಂಕಿನ ವೈರಿಗೂ ಎಂಜಿನ್ ಕಡೆ ವೈರಿಗೂ ಬಣ್ಣ ತಾಳಿ ಆಗಲಿಲ್ಲ. ಟ್ಯಾಂಕಿನಿಂದ ಬರೋ ವೈರಿನಾಗ ಗೇಜಿಂದೂ ಇರತೈತಿ. ನಿಮ್ಮ ಇಸಿಯು ಯಾವ ವರ್ಷದ್ದೋ ಅದೇ ವರ್ಷದ ಡಯಾಗ್ರಾಮ್ ಹಿಡೀರಿ, ಒಂದೊಂದು ವೈರನ್ನೂ ಮೀಟರ್‌ನಿಂದ ನೋಡ್ರಿ. ಕೆಲಸಕ್ಕ ಮೊದಲ ಬ್ಯಾಟರಿ ಮೈನಸ್ ಬಿಚ್ಚಿ ಇಡ್ರಿ. ಪೈಪೂ ಕ್ಲಿಪ್ಪೂ ಎಂಪಿಎಫ್‌ಐ ಒತ್ತಡಕ್ಕ ತಾಳೂವೇ ಹಾಕಿಸ್ರಿ.

ಪರೀಕ್ಷಾ ಹಿಂಗ ಮಾಡ್ರಿ. ಚಾವಿ ಆನ್ ಮಾಡ್ರಿ, ಸ್ಟಾರ್ಟ್ ಮಾಡಬ್ಯಾಡ್ರಿ. ಎರಡು ಮೂರು ಸೆಕೆಂಡ್ ಗುಂಯ್ ಅಂದು ಸುಮ್ಮನಾಗಬೇಕು. ಆಮ್ಯಾಲೆ ಬಯಲಾಗ ಸ್ಟಾರ್ಟ್ ಮಾಡಿ, ಹ್ಯಾಂಡ್ ಬ್ರೇಕ್ ಎಳದು, ಗೇರಿನಾಗ ಕ್ಲಚ್ ಬಿಟ್ಟು ಎಂಜಿನ್ ಬಂದ್ ಬೀಳಿಸ್ರಿ. ಚಾವಿ ಆನ್ ಇರಲಿ. ಆಗೂ ಪಂಪ್ ಸಪ್ಪಳ ಬಂದ್ರ ಆ ಗಾಡಿ ಮನಿಮಂದೀನ ಹತ್ತಿಸೂದಲ್ಲ.

ಇನ್ನೊಂದು ಮಾತು. ಎಂಜಿನ್ ಬದಲಿಸಿದ್ರ 1988ರ ಮೋಟಾರು ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಆರ್‌ಟಿಒ ಒಪ್ಪಿಗಿ ತಗೊಂಡು ಆರ್‌ಸಿಯೊಳಗ ಹೊಸ ಎಂಜಿನ್ ನಂಬರ್ ಏರಿಸಬೇಕು. ಇಲ್ಲಂದ್ರ ಇನ್ಶೂರೆನ್ಸ್ ಟೈಮಿಗೆ ತೊಂದ್ರಿ. ನಾನು ಅದನ್ನೂ ತಡಾ ಮಾಡಿ ಮಾಡಿಸಿದೆ.

ಈಗ ಗಾಡಿ ಚಲೋ ಐತಿ. ಮೊಮ್ಮಗ ಹತ್ತಿದ ಕೂಡಲೇ, "ಅಜ್ಜಾ, ಪಂಪ್ ಸುಮ್ಮನಾತೇನು?" ಅಂತ ಕೇಳತಾನ. ನಾನು ಕಿವಿಗೊಟ್ಟು ಕೇಳಿ, ಹೂಂ ಅಂದ ಮ್ಯಾಲೇನ ಸ್ಟಾರ್ಟ್ ಮಾಡತೇನಿ. ನಿಮ್ಮ ಗಾಡಿಯೊಳಗ ಹೆಂಗ ಕೂಡಿಸ್ಯಾರ, ಇವತ್ತ ಒಮ್ಮೆ ನೋಡ್ರಿ. ನೋಡಿ ಇಲ್ಲಿ ಬರೀರಿ.