ಯಂತ್ರಾಂತರವೂ ಜೀರ್ಣೋದ್ಧಾರವೂ

ಹೊಸ ಗುಡಿಯನ್ನು ಕಟ್ಟಿಸಿದವನಿಗಿಂತ ಹಳೆಯ ಗುಡಿಯನ್ನು ಎತ್ತಿ ನಿಲ್ಲಿಸಿದವನಿಗೆ ಎಂಟು ಮಡಿ ಪುಣ್ಯವೆಂದು ಹಿರಿಯರು ಹೇಳುತ್ತ ಬಂದಿರುವರು. ಕಾರಣವನ್ನು ವಿಚಾರಿಸಿದರೆ ಈ ಮಾತು ಅತಿಶಯೋಕ್ತಿಯಲ್ಲವೆಂದು ತೋರುವುದು. ಹೊಸದನ್ನು ಕಟ್ಟುವವನು ತನ್ನ ಮನಸ್ಸಿಗೆ ಉತ್ತರ ಹೇಳಿಕೊಂಡರೆ ತೀರಿತು. ಹಳೆಯದನ್ನು ಎತ್ತುವವನಾದರೋ ಕಣ್ಣೆದುರಿಗಿಲ್ಲದ ಇನ್ನೊಬ್ಬನ ಮನಸ್ಸನ್ನು ಕಲ್ಲುಗಳ ನಡುವೆ ಅರಸಿ ಓದಬೇಕು. ಈ ನ್ಯಾಯವು ಗುಡಿಗೆ, ಕೆರೆಗೆ, ಓಲೆಯ ಗ್ರಂಥಕ್ಕೆ ಸಲ್ಲುವುದನ್ನು ಎಲ್ಲರೂ ಬಲ್ಲರು. ಹುಡುಗರು ಗಣಕಯಂತ್ರದ ಮೇಲೆ ಆಡುವ ಆಟಕ್ಕೂ ಇದು ಸಲ್ಲುವುದೆಂದರೆ ಕೆಲವರಿಗೆ ನಗು ಬಂದೀತು. ನಗುವುದಕ್ಕೆ ಮೊದಲು ಒಂದು ದೃಷ್ಟಾಂತವನ್ನು ಪರಿಶೀಲಿಸುವುದು ಯುಕ್ತ.

1987ರಲ್ಲಿ ಜಪಾನಿನ ಐರೆಮ್ ಸಂಸ್ಥೆಯು 'ಆರ್-ಟೈಪ್' ಎಂಬ ಆಟವನ್ನು ಹೊರತಂದಿತು. ಒಂಟಿಯಾದ ಆಕಾಶನೌಕೆಯೊಂದು ಎಡದಿಂದ ಬಲಕ್ಕೆ ಸಾಗುತ್ತ, ಅಲೆಯಲೆಯಾಗಿ ಬರುವ ವೈರಿಗಳನ್ನು ಗೆಲ್ಲುವುದೇ ಇದರ ವಸ್ತು. ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಗಳಿಗಾಗಿ ರಚಿತವಾದ ಈ ಆಟವು ಜನಪ್ರಿಯವಾಗಲು, ಮನೆಗಳಲ್ಲಿರುವ ಸಣ್ಣ ಗಣಕಗಳಿಗೂ ಅದನ್ನು ತರಬೇಕೆಂದು ವ್ಯಾಪಾರಿಗಳು ಯೋಚಿಸಿದರು. ಹೀಗೆ ಒಂದು ಯಂತ್ರಕ್ಕಾಗಿ ಹುಟ್ಟಿದ ಆಟವನ್ನು ಬೇರೊಂದು ಯಂತ್ರಕ್ಕೆ ಒಗ್ಗಿಸುವ ಕೆಲಸವನ್ನು ಆ ಕಸುಬಿನವರು 'ಪೋರ್ಟ್' ಎನ್ನುವರು. ಭಾಷಾಂತರವೆಂಬ ಮಾತಿನ ಜಾಡು ಹಿಡಿದು ಇದನ್ನು ಯಂತ್ರಾಂತರವೆಂದು ಕರೆಯಬಹುದು.

ಆ ಸಣ್ಣ ಗಣಕಗಳು ಈ ದೇಶಕ್ಕೆ ಅಪರಿಚಿತವಾಗಿರಲಿಲ್ಲ. 1984ರಲ್ಲಿ ಆರಂಭವಾದ ಸರಕಾರಿ ಯೋಜನೆಯೊಂದರಲ್ಲಿ ಬಿಬಿಸಿ ಮೈಕ್ರೋ ಎಂಬ ಯಂತ್ರಗಳು ಭಾರತದ ಶಾಲೆಗಳನ್ನು ಹೊಕ್ಕವು. 1986ರಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆಯು ಇಂಗ್ಲೆಂಡಿನ ಸಿಂಕ್ಲೇರ್ ಸ್ಪೆಕ್ಟ್ರಂ ಯಂತ್ರವನ್ನು ಪರವಾನಗಿ ಪಡೆದು ಇಲ್ಲಿಯೇ ಮಾರತೊಡಗಿತು. ದೂರದರ್ಶನದ ಪೆಟ್ಟಿಗೆಯನ್ನೇ ತೆರೆಯಾಗಿ, ಧ್ವನಿಯ ಕ್ಯಾಸೆಟ್ಟನ್ನೇ ಭಂಡಾರವಾಗಿ ಮಾಡಿಕೊಂಡ ಬಡವರ ಗಣಕವದು.

ಈ ಸ್ಪೆಕ್ಟ್ರಂ ಯಂತ್ರದ ದಾರಿದ್ರ್ಯವನ್ನು ಸ್ವಲ್ಪ ವಿವರಿಸಬೇಕು. ಅದರ ತೆರೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕೆಗಳು. ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಒಂದೊಂದು ಚೌಕದಲ್ಲಿ ಎರಡೇ ಬಣ್ಣಗಳಿಗೆ ಅವಕಾಶ. ಇಷ್ಟು ಇಕ್ಕಟ್ಟಿನಲ್ಲಿ ಬಾಬ್ ಪೇಪ್ ಎಂಬುವರು 1988ರಲ್ಲಿ 'ಆರ್-ಟೈಪ್' ಆಟವನ್ನು ಇಳಿಸಿದ ರೀತಿಯನ್ನು ಬಲ್ಲವರು ಇಂದಿಗೂ ಹೊಗಳುವರು. ಎರಡೇ ಬಣ್ಣಗಳಲ್ಲಿ ಚೆಲುವು ಹೇಗೆ ಸಾಧ್ಯವೆಂದು ಬೀದರಿನವರಿಗೆ ತಿಳಿಸಿ ಹೇಳಬೇಕಾಗಿಲ್ಲ. ಬಿದರಿಯ ಕುಶಲಿಯು ಸತುವಿಗೆ ತುಸು ತಾಮ್ರ ಬೆರಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಅದರೊಳಗೆ ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ತಿಕ್ಕುವನು. ಲೋಹವು ಕಪ್ಪಾಗುವುದು, ಬೆಳ್ಳಿಯು ಬೆಳಗುವುದು. ಮೂರನೆಯ ಬಣ್ಣವಿಲ್ಲವೆಂದು ಹೂಜಿಯನ್ನು ನೋಡಿದವರಾರೂ ಮರುಗುವುದಿಲ್ಲ. ಪಾತ್ರೆಯ ಗುಣವನ್ನರಿತು ಮಾಡಿದ ಕೆಲಸಕ್ಕೆ ಬಡತನವು ಕುಂದಲ್ಲ.

ಅದೇ 1988ರಲ್ಲಿ ಆಮ್‌ಸ್ಟ್ರಾಡ್ ಸಿಪಿಸಿ ಎಂಬ ಮತ್ತೊಂದು ಮನೆಯ ಗಣಕಕ್ಕೂ ಈ ಆಟ ಬಂದಿತು. ಈ ಯಂತ್ರವು ಸ್ಪೆಕ್ಟ್ರಮ್ಮಿಗಿಂತ ಶ್ರೀಮಂತ. ಕೆಂಪು, ಹಸಿರು, ನೀಲಿ ಎಂಬ ಮೂರು ಮೂಲವರ್ಣಗಳನ್ನು ಮೂರು ಮೂರು ಪ್ರಮಾಣಗಳಲ್ಲಿ ಬೆರಸಲು ಬರುವ 27 ಬಣ್ಣಗಳು ಇದರಲ್ಲುಂಟು. ಪಂಚಾಂಗದ ನಕ್ಷತ್ರಗಳೆಷ್ಟೋ ಅಷ್ಟು. ಒಂದು ಬಗೆಯ ತೆರೆಯಲ್ಲಿ 320 ಚುಕ್ಕೆಗಳ ಅಗಲವೂ ನಾಲ್ಕು ಬಣ್ಣಗಳೂ ಇರುವುವು. ಇನ್ನೊಂದು ಬಗೆಯಲ್ಲಿ 160 ಚುಕ್ಕೆಗಳ ಅಗಲವೂ ಹದಿನಾರು ಬಣ್ಣಗಳೂ ಇರುವುವು. ಆದರೂ ಅದರ ಮೇಲಿನ 'ಆರ್-ಟೈಪ್' ಮಂಕಾಗಿಯೂ ನಿಧಾನವಾಗಿಯೂ ಇತ್ತು. ಸ್ಪೆಕ್ಟ್ರಮ್ಮಿನ ಆಟವನ್ನೇ ಎತ್ತಿ ತಂದು ಇಟ್ಟಂತೆ ಕಂಡಿತು. ನಿಜವಾಗಿ ನಡೆದುದೂ ಅದೇ. ಎರಡು ಯಂತ್ರಗಳಲ್ಲಿಯೂ ಎಣಿಕೆಯ ಹೃದಯವು ಝಡ್ 80 ಎಂಬ ಒಂದೇ ಸಾಧನವಾದುದರಿಂದ ಒಂದರ ಆಜ್ಞಾಮಾಲೆಯನ್ನು ಇನ್ನೊಂದಕ್ಕೆ ಅಲ್ಪಶ್ರಮದಿಂದ ಸಾಗಿಸಬಹುದು. ಕೆಲಸವನ್ನು ಕೈಗೊಂಡವನಿಗೆ ದೊರೆತ ಗಡುವಾದರೋ ಸುಮಾರು ಮೂರು ವಾರ.

ಹೃದಯವೊಂದೇ ಆದರೂ ದೇಹಗಳು ಬೇರೆಯೆಂಬುದೇ ತೊಡಕು. ಸ್ಪೆಕ್ಟ್ರಮ್ಮಿನ ಇಡೀ ತೆರೆಯು 6,912 ಬೈಟುಗಳಲ್ಲಿ ಅಡಗುವುದು. ಆಮ್‌ಸ್ಟ್ರಾಡಿನ ಪೂರ್ಣ ತೆರೆಗೆ 16,000 ಬೈಟುಗಳು ಬೇಕು. ಹೊರೆಯು ಎರಡು ಮಡಿಗೂ ಮಿಗಿಲಾಯಿತು, ಹೊರುವ ಎತ್ತು ಮಾತ್ರ ಹೆಚ್ಚುಕಡಮೆ ಅದೇ. ಹೊಸ ತೆರೆಯ ಹದವನ್ನರಿತು ಮೊದಲಿನಿಂದ ರಚಿಸದ ಆಟವು ಅಲ್ಲಿ ಕುಂಟದೆ ಏನು ಮಾಡೀತು? ಶಬ್ದಕ್ಕೆ ಶಬ್ದವನ್ನಿಟ್ಟು ಮಾಡಿದ ಭಾಷಾಂತರದಲ್ಲಿ ವ್ಯಾಕರಣವೂ ಸರಿಯಿರಬಹುದು, ನಿಘಂಟೂ ಸರಿಯಿರಬಹುದು. ಓದುವವನಿಗೆ ಮಾತ್ರ ಏದುಸಿರು ಬರುವುದು.

ಇಪ್ಪತ್ತನಾಲ್ಕು ವರ್ಷಗಳು ಕಳೆದುವು. ಆ ಯಂತ್ರಗಳ ತಯಾರಿಕೆಯು ನಿಂತುಹೋಗಿ ಎಷ್ಟೋ ಕಾಲವಾಗಿತ್ತು. 2012ರಲ್ಲಿ ಈಸ್ಟರ್ ಎಗ್ ಎಂಬ ಹವ್ಯಾಸಿಗಳ ತಂಡವು ಅದೇ ಆಮ್‌ಸ್ಟ್ರಾಡಿಗಾಗಿ 'ಆರ್-ಟೈಪ್' ಆಟದ ನವೀಕೃತ ರೂಪವನ್ನು ಹೊರತಂದಿತು. ಈ ಸಲ ಚಿತ್ರಗಳು ಆ ಯಂತ್ರದ ಬಣ್ಣಗಳಲ್ಲಿ ಅರಳಿದುವು. 128 ಕಿಲೋಬೈಟು ಸ್ಮೃತಿಯುಳ್ಳ ಮಾದರಿಯ ಅವಕಾಶವೆಲ್ಲ ಉಪಯೋಗಕ್ಕೆ ಬಂದಿತು.

ಇಂಥ ಕೆಲಸದಲ್ಲಿ ವೇಗವನ್ನು ಗಳಿಸುವ ಉಪಾಯಗಳು ಪಾಠಶಾಲೆಯಲ್ಲಿ ಕಲಿತವರಿಗೆ ಹೊಸವೆನಿಸಲಾರವು. ಪ್ರತಿಸಲವೂ ಗುಣಾಕಾರ ಮಾಡುತ್ತ ಕುಳಿತರೆ ಗಣಕಕ್ಕೆ ತಡವಾಗುವುದು. ಆದುದರಿಂದ ಉತ್ತರಗಳ ಕೋಷ್ಟಕವನ್ನು ಮೊದಲೇ ಬರೆದು ಸ್ಮೃತಿಯಲ್ಲಿ ಇಡುವರು. ಮಗ್ಗಿಯನ್ನು ಕಂಠಪಾಠ ಮಾಡಿಸುವುದು ಇದಕ್ಕೇ ಅಲ್ಲವೇ? 'ಇದನ್ನೇ ಎಂಟು ಸಲ ಮಾಡು' ಎಂದು ಹೇಳಿದರೆ ಯಂತ್ರವು ಪ್ರತಿಸಲವೂ 'ಎಷ್ಟಾಯಿತು?' ಎಂದು ಎಣಿಸಿ ನೋಡುವುದು. ಎಂಟು ಸಲವೂ ಆಜ್ಞೆಯನ್ನು ಬಿಡಿಸಿ ಬರೆದರೆ ಸ್ಥಳವು ಹೆಚ್ಚು ಹಿಡಿದರೂ ಎಣಿಕೆಯ ಕಾಲವು ಉಳಿಯುವುದು. ಬದಲಾಗದ ಭಾಗವನ್ನು ಅಳಿಸದೆ, ಬದಲಾದಷ್ಟನ್ನೇ ತಿದ್ದಿ ಬರೆಯುವುದು ಮತ್ತೊಂದು ಉಪಾಯ. ಒಟ್ಟಿನಲ್ಲಿ ಸ್ಮೃತಿಯನ್ನು ವ್ಯಯಿಸಿ ಕಾಲವನ್ನು ಕೊಳ್ಳುವ ವ್ಯಾಪಾರವಿದು. ಚಿತ್ರಗಾರನ ಕಷ್ಟವು ಬೇರೆ. ಹದಿನಾರು ಬಣ್ಣಗಳ ತೆರೆಯಲ್ಲಿ ಚುಕ್ಕೆಗಳ ಅಗಲವು ಎರಡು ಪಟ್ಟಾಗುವುದರಿಂದ ಹಳೆಯ ಚಿತ್ರಕ್ಕೆ ಬಣ್ಣ ಹಚ್ಚಿದರೆ ಸಾಲದು. ರೇಖೆಗಳನ್ನು ಮೊದಲಿನಿಂದ ಯೋಚಿಸಿ ಬರೆಯಬೇಕು.

ಇಷ್ಟು ಶ್ರಮವೇಕೆ, ಇಂದಿನ ಬಲಶಾಲಿಯಾದ ಗಣಕದಲ್ಲಿ ಮೂಲದ ಆಟವನ್ನೇ ಆಡಬಹುದಲ್ಲವೆ ಎಂದು ಕೇಳಬಹುದು. ಪ್ರಶ್ನೆ ಸರಿಯೇ. ಆದರೆ ಸುಧಾರಿಸಿದವರು ಹೊಸ ಯಂತ್ರದ ಬಲವನ್ನು ಎರವಲು ತಂದಿದ್ದರೆ ಆ ಹಳೆಯ ಯಂತ್ರದ ಮಾನವು ಉಳಿಯುತ್ತಿರಲಿಲ್ಲ. ಅದರಲ್ಲಿಯೇ, ಅದರ ಕಾಲದಲ್ಲಿದ್ದ ಸಾಮಗ್ರಿಯಿಂದಲೇ ಇದು ಸಾಧ್ಯವಿತ್ತೆಂದು ತೋರಿಸಿದುದೇ ಇದರ ಸಾರ. ಒಂದು ದಡ್ಡನೆಂದು ಬಗೆದ ಹುಡುಗನನ್ನು ಬೇರೊಬ್ಬರು ಕೂರಿಸಿಕೊಂಡು ಕಲಿಸಲು ಅವನು ತೇರ್ಗಡೆಯಾದರೆ, ಕೊರತೆಯು ಹುಡುಗನದಲ್ಲವೆಂಬುದು ತಾನಾಗಿ ತಿಳಿಯುವುದು.

ಹಾಗಾದರೆ ದೋಷವು ಮೂರು ವಾರದಲ್ಲಿ ದುಡಿದವನದೋ? ಹಾಗೆ ಹೇಳುವುದು ಅನ್ಯಾಯ. ಅವನಿಗೆ ಕಾಲವಿರಲಿಲ್ಲ, ಇವರಿಗೆ ಗಡುವಿರಲಿಲ್ಲ. ಅವನು ಇಟ್ಟ ಮೆಟ್ಟಿಲೇ ಇಲ್ಲದಿದ್ದರೆ ಇವರು ಹತ್ತಬೇಕೆಂದು ಯೋಚಿಸುತ್ತಿದ್ದರೋ ಇಲ್ಲವೋ. ಕಲ್ಲಿನ ಗುಡಿಯ ಜೀರ್ಣೋದ್ಧಾರದಲ್ಲಿ ಹಳೆಯದನ್ನು ಕಿತ್ತಲ್ಲದೆ ಹೊಸದನ್ನು ಇಡುವುದಕ್ಕಾಗದು. ಹಿಂದಿನವನ ಕೈಗೆಲಸವು ಸುಣ್ಣದ ಕೆಳಗೆ ಶಾಶ್ವತವಾಗಿ ಮರೆಯಾಗುವುದೂ ಉಂಟು. ಗಣಕದ ಆಟಕ್ಕೆ ಆ ಭಯವಿಲ್ಲ. 1988ರ ಪಾಠವೂ 2012ರ ಪಾಠವೂ ಮೂಲ ಮತ್ತು ಪರಿಷ್ಕರಣಗಳಂತೆ ಒಂದರ ಪಕ್ಕದಲ್ಲೊಂದು ಉಳಿದಿವೆ. ಎರಡನ್ನೂ ಆಡಿ ನೋಡಿದವನಿಗೆ ಪರಿಷ್ಕರಿಸಿದವರ ಜಾಣ್ಮೆಯೂ ತಿಳಿಯುವುದು, ಮೂರು ವಾರಗಳೆಂದರೆ ಎಷ್ಟು ಕಡಮೆಯೆಂಬುದೂ ತಿಳಿಯುವುದು.