ಹಲಗೆಯ ಅಂಚಿಗೊಂದು ಪಟ್ಟಿ

ಪ್ಲೈವುಡ್ ಹಲಗೆಯನ್ನು ಕೊಯ್ದ ಕೂಡಲೇ ಅದರ ಒಳಗುಟ್ಟು ಹೊರಬೀಳುತ್ತದೆ. ಮೇಲೆ ನುಣುಪಾದ ಸನ್‌ಮೈಕ. ಕೊಯ್ದಲ್ಲಿ ನೋಡಿದರೆ ಒಂದಕ್ಕೊಂದು ಅಡ್ಡಡ್ಡವಾಗಿ ಅಂಟಿಸಿದ ತೆಳು ಪದರಗಳು, ನಡುನಡುವೆ ಸಣ್ಣ ಸಂದುಗಳು. ಆ ಬರಿಯ ಅಂಚಿಗೆ ಪಟ್ಟಿ ಹಚ್ಚುವುದು ಬಡಿಗತನದಲ್ಲಿ ಯಾರೂ ಹೊಗಳದ ಕೆಲಸ. ಕಪಾಟು ನೋಡಲು ಬಂದವರು ಬಣ್ಣ ಮೆಚ್ಚುತ್ತಾರೆ, ಹಿಡಿಕೆ ಮೆಚ್ಚುತ್ತಾರೆ. ಅಂಚಿನ ಮೇಲೆ ಬೆರಳಾಡಿಸಿ ಸುಮ್ಮನೆ ನಿಲ್ಲುವವರು ಆ ಕೆಲಸ ಮಾಡಿದವರು ಮಾತ್ರ.

ಸದಲಗಾದಂಥ ಊರಿನಲ್ಲಿ ಅಂಚಿನ ಬೆಲೆ ಬೇಗ ತಿಳಿಯುತ್ತದೆ. ದೂಧಗಂಗೆಯ ದಂಡೆಯ ಊರು ಇದು. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ದೂಧಗಂಗೆ, ವೇದಗಂಗೆ, ಕೃಷ್ಣೆ ಮೂರೂ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ ಭಾಗದ ಹಳ್ಳಿಗಳಿಗೆ ನುಗ್ಗಿದವು. ಅಂಥ ನೀರಿನ ಮುಂದೆ ಯಾವ ಪಟ್ಟಿಯ ಆಟವೂ ನಡೆಯದು. ಆದರೆ ಕಪಾಟುಗಳನ್ನು ಕೆಡಿಸುವುದು ಮಹಾಪೂರ ಒಂದೇ ಅಲ್ಲ. ದಿನವೂ ನೆಲ ಒರೆಸುವ ಒದ್ದೆ ಅರಿವೆ, ಬಚ್ಚಲಿಗೆ ಅಂಟಿದ ಗೋಡೆ, ಜಿಟಿಜಿಟಿ ಮಳೆಯ ತಂಪು ಇವು ವರ್ಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುತ್ತವೆ. ಹಲಗೆಯ ಮುಖದಿಂದ ನೀರು ಸುಲಭವಾಗಿ ಒಳಗಿಳಿಯದು. ಅಂಚಿನಲ್ಲಿ ಮರದ ನಾರಿನ ಬಾಯಿಗಳು ತೆರೆದಿರುತ್ತವೆ. ನೀರು ಅಲ್ಲಿಂದ ಏರುತ್ತದೆ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಆದರಂತೂ ಒಮ್ಮೆ ಉಬ್ಬಿದರೆ ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಸುತ್ತ ಹೊಲವೆಲ್ಲ ಕಬ್ಬು ತುಂಬಿದ ಈ ಸೀಮೆಯವರಿಗೆ ಇನ್ನೊಂದು ಮಾತು ಹೇಳಬೇಕು: ಕಾರ್ಖಾನೆಯ ಬಾಯ್ಲರಿಗೆ ಉರುವಲಾಗುವ ಕಬ್ಬಿನ ಸಿಪ್ಪೆಯನ್ನೇ ಅಂಟು ಬೆರೆಸಿ ಒತ್ತಿ ಹಲಗೆ ಮಾಡುವುದೂ ಉಂಟು. ಆ ಹಲಗೆಗೂ ಅಂಚೇ ದುರ್ಬಲ ಜಾಗ.

ಇಲ್ಲಿನ ಬಡಿಗೇರ ಮನೆತನಗಳಿಗೆ ಅಂಚು ಕಟ್ಟುವ ವಿದ್ಯೆ ಹೊಸದೇನಲ್ಲ. ಚಕ್ಕಡಿ ಗಾಲಿಯ ಹೊರಸುತ್ತಿಗೆ ಕಬ್ಬಿಣದ ಹಳಿ ಕೂಡಿಸುವಾಗ ಹಳಿಯನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸುತ್ತಿದ್ದರು, ಗಾಲಿಗೆ ಏರಿಸಿ ನೀರು ಸುರಿಯುತ್ತಿದ್ದರು. ಹಳಿ ತಣಿದು ಕುಗ್ಗಿ ಮರದ ಕೀಲುಗಳನ್ನೆಲ್ಲ ಬಿಗಿಯುತ್ತಿತ್ತು. ಇಂದಿನ ಒಂದು ಬಗೆಯ ಪಟ್ಟಿಯಲ್ಲೂ ಕಾಯಿಸುವುದು, ಒತ್ತುವುದು, ತಣಿಸುವುದು ಇದೆ. ಬಿಗಿಯುವ ಕೆಲಸ ಮಾತ್ರ ಅಂಟಿನದು.

ಪಟ್ಟಿಯಲ್ಲಿ ಮೂರು ಬಗೆ. ಸಾಗವಾನಿಯ ಗಟ್ಟಿ ಪಟ್ಟಿಯನ್ನು ಫೆವಿಕಾಲ್ ಹಚ್ಚಿ, ತಲೆಯಿಲ್ಲದ ಸಣ್ಣ ಮೊಳೆ ಹೊಡೆದು, ರಂದಾ ಹಿಡಿದು ಸಮ ಮಾಡುತ್ತಾರೆ. ಬಾಳಿಕೆಯಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಎರಡನೆಯದು ಹಿಂಬದಿಗೆ ಅಂಟು ಸವರಿಕೊಂಡೇ ಬರುವ ತೆಳು ಮರದ ಪಟ್ಟಿ. ಅದಕ್ಕೆ ಬೇಕಾದದ್ದು ಮನೆಯ ಇಸ್ತ್ರಿ ಪೆಟ್ಟಿಗೆ. ನಿಧಾನ ಎಳೆದಂತೆ ಅಂಟು ಕರಗುತ್ತದೆ, ಹಿಂದೆಯೇ ಮರದ ತುಂಡೊಂದನ್ನು ಒತ್ತಿಕೊಂಡು ಹೋಗಬೇಕು. ಬಿಸಿ ಹೆಚ್ಚಾದರೆ ಮರ ಕಪ್ಪಾಗುತ್ತದೆ, ಕಡಿಮೆಯಾದರೆ ನಾಲ್ಕು ದಿನಕ್ಕೆ ತುದಿ ಏಳುತ್ತದೆ.

ಮೂರನೆಯದು ಪಿವಿಸಿ ಟೇಪು. ಈಗ ಎಲ್ಲೆಡೆ ಕಾಣುವುದು ಇದೇ. 18 ಮಿಲಿಮೀಟರ್ ಹಲಗೆಗೆ 22 ಮಿಲಿಮೀಟರ್ ಅಗಲದ ಟೇಪು ತರುತ್ತಾರೆ. ಎರಡೂ ಬದಿಗೆ ಎರಡೆರಡು ಮಿಲಿಮೀಟರ್ ಹೊರಚಾಚಲಿ ಎಂದು. ಎಸ್‌ಆರ್ ಎಂಬ ರಬ್ಬರ್ ಅಂಟನ್ನು ಟೇಪಿಗೂ ಅಂಚಿಗೂ ಸವರಬೇಕು. ಅಂಚು ಮೊದಲ ಸಲದ್ದನ್ನು ಕುಡಿದುಬಿಡುತ್ತದೆ, ಅದಕ್ಕೆ ಎರಡನೇ ಸಲ. ಆಮೇಲೆ ಕಾಯಬೇಕು. ಈ ಕಾಯುವಿಕೆಯೇ ಇಡೀ ಕೆಲಸದ ಜೀವ. ಮನೆಯ ಯಜಮಾನ ಬಂದು ಅವಸರ ಮಾಡಿದರೆ ನುರಿತ ಬಡಿಗ ಬೆರಳ ತುದಿ ತಾಕಿಸಿ ನೋಡಿ, “ಇನ್ನೊಂದ್ ಸ್ವಲ್ಪ ತಡೀರಿ, ಹಸೀನ ಐತಿ” ಎನ್ನುತ್ತಾನೆ. ಬೆರಳಿಗೆ ಅಂಟದಷ್ಟು ಒಣಗಿದ ಎರಡು ಪದರ ಒಂದನ್ನೊಂದು ಮುಟ್ಟಿದ ಕ್ಷಣವೇ ಹಿಡಿದುಕೊಳ್ಳುತ್ತವೆ. ಸರಿಸಲು ಅವಕಾಶವಿಲ್ಲ. ಆದ್ದರಿಂದ ಒಂದು ತುದಿಯಲ್ಲಿ ಕಣ್ಣಿಟ್ಟು ಕೂಡಿಸಿ, ಉಳಿದದ್ದನ್ನು ಬಿಗಿಯಾಗಿ ಎಳೆದು ಹಿಡಿದು, ಹೆಬ್ಬೆರಳಿನಿಂದ ಗೇಣು ಗೇಣಾಗಿ ಒತ್ತುತ್ತ ಸಾಗುತ್ತಾರೆ.

ಯಾವ ಅಂಚು ಮೊದಲು ಎಂಬುದಕ್ಕೂ ಲೆಕ್ಕವಿದೆ. ಬದಿಯ ಅಂಚುಗಳನ್ನು ಮೊದಲು ಮುಗಿಸಿ, ಮುಂದಿನದನ್ನು ಕೊನೆಗೆ ಹಚ್ಚಿದರೆ ಬದಿಪಟ್ಟಿಯ ತುದಿ ಮುಂದಿನದರ ಹಿಂದೆ ಮರೆಯಾಗುತ್ತದೆ. ಎದುರು ನಿಂತವರಿಗೆ ಕೂಡುಗೆರೆ ಕಾಣುವುದಿಲ್ಲ.

ಹೊರಚಾಚಿದ ಎರಡು ಮಿಲಿಮೀಟರನ್ನು ತೆಗೆಯುವುದೇ ಈ ಕೆಲಸದ ಅತ್ಯಂತ ಸುಖದ ಭಾಗ. ಹರಿತವಾದ ಉಳಿಯನ್ನು ಹಲಗೆಗೆ ಚಪ್ಪಟೆಯಾಗಿ ಮಲಗಿಸಿ ನೂಕಿದರೆ ಟೇಪಿನ ಎಳೆ ಸುರುಳಿಯಾಗಿ ಎದ್ದು ಬರುತ್ತದೆ. ಮರದ ಪಟ್ಟಿಯಾದರೆ ನಾರು ಯಾವ ಕಡೆ ಹರಿದಿದೆ ನೋಡಿಯೇ ಉಳಿ ಇಡಬೇಕು, ಎದುರಾಗಿ ಹೋದರೆ ಚಕ್ಕೆ ಏಳುತ್ತದೆ. ಕೊನೆಗೆ ಅರ ಹಿಡಿದು, ಉಜ್ಜಿದಾಗ ಒತ್ತಡ ಪಟ್ಟಿಯಿಂದ ಹಲಗೆಯ ಕಡೆಗೆ ಬೀಳುವಂತೆ ಮೂಲೆಯನ್ನು ತುಸು ದುಂಡಗೆ ಮಾಡುತ್ತಾರೆ. ಉಜ್ಜಿದಲ್ಲಿ ಪಿವಿಸಿ ಬೆಳ್ಳಗಾದರೆ ಬಿಸಿಗಾಳಿ ತಾಕಿಸಿದರಾಯಿತು, ಬಣ್ಣ ಬಹುಮಟ್ಟಿಗೆ ಮರಳುತ್ತದೆ.

ದೊಡ್ಡ ಕಾರ್ಖಾನೆಯ ಯಂತ್ರ ಇದನ್ನೆಲ್ಲ ಒಂದೇ ಓಟದಲ್ಲಿ ಮುಗಿಸುತ್ತದೆ. ನೇರ ಅಂಚಿಗೆ ಅದರಷ್ಟು ಸಮನಾಗಿ ಕೈ ಮಾಡಲಾರದು, ಒಪ್ಪಬೇಕು. ಆದರೆ ಬಾಗಿದ ಮೇಜು, ಸೊಟ್ಟ ಗೋಡೆಗೆ ಹೊಂದಿಸಿ ಸ್ಥಳದಲ್ಲೇ ಕೊಯ್ದ ಹಲಗೆ, ಒಂದೆಡೆ ಪಟ್ಟಿ ಕಿತ್ತುಬಂದ ಹಳೆಯ ಬಾಗಿಲು ಇವಕ್ಕೆ ಕೈಯೇ ಗತಿ.

ಅಂಚು ಮುಚ್ಚುವುದರಿಂದ ಇನ್ನೊಂದು ಉಪಕಾರವೂ ಇದೆ. ಇಂಥ ಹಲಗೆಗಳ ಅಂಟಿನಲ್ಲಿ ಸಾಮಾನ್ಯವಾಗಿ ಇರುವ ಫಾರ್ಮಾಲ್ಡಿಹೈಡ್ ತೆರೆದ ಅಂಚಿನಿಂದ ಹೆಚ್ಚು ಹೊರಬರುತ್ತದೆ. ಪಟ್ಟಿ ಅದನ್ನು ತಗ್ಗಿಸುತ್ತದೆ.

ಮನೆಯಲ್ಲಿ ಕಪಾಟು ಮಾಡಿಸುವವರು ಅದನ್ನು ಗೋಡೆಗೆ ಕೂಡಿಸುವ ಮುನ್ನ ಒಮ್ಮೆ ಅಡ್ಡ ಮಲಗಿಸಿ ತಳದ ಅಂಚನ್ನೂ ಹಿಂದಿನ ಅಂಚನ್ನೂ ಮುಟ್ಟಿ ನೋಡಿ. ಕಾಣದ ಆ ಅಂಚುಗಳಿಗೆ ಪಟ್ಟಿ ಇಲ್ಲದಿದ್ದರೆ ಹಚ್ಚಿಸಿಕೊಳ್ಳಿ; ಅದಕ್ಕೆ ಹಿಡಿಯುವ ಅರ್ಧ ದಿನದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.