ಲಿಂಗಸುಗೂರಿನ ಹತ್ತು ಅಕ್ಷರ

ಸಿಂಧನೂರಿನಲ್ಲಿ ಲಿಂಗಸುಗೂರು ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದೆನೆಂದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಅಲ್ಲಿ ಒಂದು ಮೋಟು ಪೆನ್ಸಿಲ್ಲು, ಯಾವುದೋ ಹಳೇ ಚೀಟಿ. ಚೀಟಿಯ ಬೆನ್ನಿಗೆ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ಬರೆದು, ಆ ಅಕ್ಷರಗಳಲ್ಲೇ ಅಡಗಿ ಕೂತ ಇಂಗ್ಲಿಷ್ ಪದಗಳನ್ನು ಹೆಕ್ಕುವುದು ನನ್ನ ಚಟ. ಇದ್ದ ಅಕ್ಷರ ಇದ್ದಷ್ಟೇ ಸಲ. ಹೊರಗಿನಿಂದ ಸಾಲ ತರುವಂತಿಲ್ಲ.

ಚಟ ಹಚ್ಚಿದವರು ನಮ್ಮ ಶಾಲೆಯ ಹಿರಿಯ ಮಾಸ್ತರು. ಅವರು ಗಣಿತದವರು, ನಾನು ಇಂಗ್ಲಿಷ್ ಕಲಿಸುವವನು. ಸೋಲುತ್ತಿದ್ದವನು ಮಾತ್ರ ನಾನೇ. ಮೊದಮೊದಲು ಬಸ್ಸಿನ ನಂಬರಿನಿಂದ ಶುರುಮಾಡಿದ್ದೆವು. ರಾಯಚೂರು ಸೀಮೆಯ ಸರಕಾರಿ ಬಸ್ಸೆಂದರೆ ಕೆಎ 36, ಹಿಂದೆ ಎಫ್. ಕೆ, ಎ, ಎಫ್ ಮೂರೂ ಇರುವ ಪದ ಹೇಳಬೇಕು, ಈ ಆಟದಲ್ಲಿ ಸಾಲ ನಡೆಯುತ್ತಿತ್ತು. ಫ್ಲಾಸ್ಕ್, ಫ್ರೀಕ್, ಫೇಕ್. ವಾರದೊಳಗೆ ಬೇಸರ ಬಂತು. ಆಮೇಲೆ ಮಾಸ್ತರರು ಮುಂದಿನ ಬೋರ್ಡು ತೋರಿಸಿ, "ಇದನ್ನ ಬಿಚ್ರಿ ನೋಡೂಣು" ಅಂದರು.

ಎಲ್, ಐ, ಎನ್, ಜಿ, ಎ, ಎಸ್, ಯು, ಜಿ, ಯು, ಆರ್. ಹತ್ತು ಅಕ್ಷರ. ಶುಗರ್ ಎಲ್ಲರಿಗೂ ಕಾಣುತ್ತದೆ. ಸಿಗ್ನಲ್ ಸ್ವಲ್ಪ ಹೊತ್ತಿಗೆ. ನನಗೆ ಅಲ್ಲಿಗೇ ದಾರಿ ಮುಗಿಯಿತು. ಅವರು ಬಾಲ ಹಿಡಿದರು: ಐ, ಎನ್, ಜಿ ಮೂರನ್ನು ಎತ್ತಿ ಬಲಕ್ಕಿಟ್ಟು, ಉಳಿದ ಏಳರಲ್ಲಿ ಶುಗರ್ ಕಟ್ಟಿ, ಎರಡನ್ನೂ ಜೋಡಿಸಿ ಶುಗರಿಂಗ್ ಮಾಡಿಬಿಟ್ಟರು. ಅಂಥ ಪದವೇ ಇಲ್ಲವೆಂದು ನಾನು ಮಸ್ಕಿ ತನಕ ಜಗಳಾಡಿದೆ. ಸಂಜೆ ಮನೆಗೆ ಬಂದು ನಿಘಂಟು ತೆಗೆದರೆ ಇತ್ತು.

ನನ್ನ ಸರದಿ ಬರಲು ತಿಂಗಳಾಯಿತು. ಬಸ್ಸು ಹಂಪಿನ ಮೇಲೆ ಎತ್ತಿ ಹಾಕಿದಾಗ ಎಸ್ ಮುಂದಕ್ಕೆ ಜಾರಿದ ಹಾಗಾಗಿ, ಸಿಂಗ್ಯುಲರ್! ಎಂಟು ಅಕ್ಷರ. ಏಕವಚನ. ಹೊರಗುಳಿದದ್ದು ಒಂದು ಜಿ, ಒಂದು ಯು. ಮಾಸ್ತರರು ಚೀಟಿ ನೋಡಿ, "ಮತ್ತೇನ್ರಿ, ಏಕವಚನದಾಗ ಮಾತಾಡಿದ್ರ 'ಜೀ' ಹೊರಗ ಉಳೀಲೇಬೇಕಲ್ಲ" ಅಂದರು. ಮರುದಿನ ಬಂದ ಬಸ್ಸಿನ ಬೋರ್ಡಿನಲ್ಲಿ ನಡುವಿನ ಎ ಇರಲಿಲ್ಲ. ಹಳೇ ರೂಢಿಯಂತೆ ಲಿಂಗ್ಸುಗೂರ್ ಎಂದು ಬರೆದಿದ್ದರು. ನನ್ನ ಏಕವಚನ, ಅವರ ಶುಗರಿಂಗ್ ಎರಡೂ ಒಂದೇ ಏಟಿಗೆ ಹೋದವು.

ಊರಿಗೂ ಅಕ್ಷರಕ್ಕೂ ತಾಳೆ ಇರುವುದಿಲ್ಲ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವುದು ಸಿಂಧನೂರು. ಗ್ರೇನ್ ಎಂಬ ಪದ ಸಿಗುವುದು ಲಿಂಗಸುಗೂರಿನಲ್ಲಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ. ಆ ಹತ್ತರಲ್ಲಿ ಗೋಲ್ಡ್ ಇಲ್ಲ. ರೈಲ್ ಇದೆ. ಆದರೆ 2024ರಲ್ಲಿ ರೈಲು ಬಂದದ್ದು ಸಿಂಧನೂರಿಗೆ, ಎಲ್ ಇಲ್ಲದ ಊರಿಗೆ! ಕಂಡಕ್ಟರಿಗೆ ಇದನ್ನು ಹೇಳಿದೆ. "ಹಾಳ್ಯಾಗರೆ ಬಂತಲ್ರಿ ಸರ" ಎಂದು ನಕ್ಕು ಹಿಂದಿನ ಸೀಟಿಗೆ ಹೋದ.

ಮಸ್ಕಿಯಲ್ಲಿ ಬರೀ ಐದು. ಮಾಸ್ಕ್ ತೆಗೆದರೆ ಐ ಒಂಟಿ. ಆಟಕ್ಕೆ ಬಡ ಊರೇ. ಆದರೆ ಅಕ್ಷರದೊಳಗಿಂದ ಹೆಸರು ಹೆಕ್ಕುವ ವಿಷಯದಲ್ಲಿ ಮಸ್ಕಿಯ ಮುಂದೆ ನಾವೆಲ್ಲ ಎಳೆಯರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಬಿಡಿಸಿದಾಗ ಅವನೂ ಬಾಲವನ್ನೇ ಹಿಡಿದಿದ್ದ: ಸಾಂಚಿಯ ಚಿಕ್ಕ ಚಿಕ್ಕ ಬರಹಗಳ ಕೊನೆಗೆಲ್ಲ ಅದೇ ಎರಡು ಅಕ್ಷರ ಕಂಡು, ಇದು 'ದಾನಂ' ಇರಬೇಕೆಂದು ಊಹಿಸಿದ. ಶಾಸನಗಳನ್ನು ಓದಲು ಬಂತು, ಆದರೆ ಅವುಗಳಲ್ಲಿ ದೊರೆಯ ಬಿರುದುಗಳಷ್ಟೇ ಇದ್ದವು: ದೇವಾನಂಪ್ರಿಯ, ಪ್ರಿಯದರ್ಶಿ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಕಂಡ ಬಂಡೆಬರಹದಲ್ಲಿ ಮೊದಲ ಸಲ ಅಶೋಕ ಎಂಬ ಹೆಸರೇ ಸಿಕ್ಕಿತು. ಮಾಸ್ಕ್ ಕಳಚಿದ್ದು ಮಸ್ಕಿಯಲ್ಲಿ. ಬಸ್ಸು ಅಲ್ಲಿ ನಿಂತಾಗಲೆಲ್ಲ ಗುಡ್ಡದ ಕಡೆ ನೋಡುತ್ತೇನೆ.

ಕನ್ನಡದಲ್ಲಿ ಯಾಕೆ ಆಡಬಾರದು ಎಂದು ಮನೆಯವಳು ಕೇಳಿದಳು. ಆಡಿ ನೋಡಿದೆವು. ನಮ್ಮ ಅಕ್ಷರಗಳು ಕೂಡುಕುಟುಂಬದವು. ಸ್ವರ ವ್ಯಂಜನವನ್ನು ಬಿಟ್ಟು ಬರುವುದಿಲ್ಲ. ಸಿಂಧನೂರಿನಲ್ಲಿ ನೂರು, ಲಿಂಗಸುಗೂರಿನಲ್ಲಿ ಲಿಂಗ ಕೂತಲ್ಲೇ ಕಾಣುತ್ತವೆ, ಹುಡುಕುವ ಸುಖವೇ ಇಲ್ಲ. ಗುರು ಬೇಕೆಂದರೆ 'ಗೂ'ವಿನ ದೀರ್ಘ ಅಡ್ಡ ನಿಲ್ಲುತ್ತದೆ. ಇಂಗ್ಲಿಷಿನ ಹತ್ತು ಅಕ್ಷರ ಕುಲುಕಿದರೆ ನಮ್ಮ ಗುರು ತಟ್ಟನೆ ಕೆಳಗೆ ಬೀಳುತ್ತಾನೆ. ಇಂಗ್ಲಿಷ್ ನಿಘಂಟಿನಲ್ಲೂ ಅವನಿದ್ದಾನೆ.

ಮಾಸ್ತರರು ಈಗ ನಿವೃತ್ತರು. ಬಸ್ಸಿಲ್ಲ, ಫೋನಿದೆ. ಸಿಂಧನೂರಿನ ಒಂಬತ್ತು ಅಕ್ಷರಗಳಿಂದ ನಾನು ತೆಗೆದದ್ದರಲ್ಲಿ ದೊಡ್ಡದು ಇನ್ನರ್ಡ್ಸ್, ಒಳಗಿನ ಕರುಳು. ಏಳು ಅಕ್ಷರ, ಎರಡೂ ಎನ್ ಅದರಲ್ಲೇ ಖರ್ಚಾಗುತ್ತವೆ. ಬೀಗಿಕೊಂಡಿದ್ದೆ. ಮೊನ್ನೆ ರಾತ್ರಿ ಹತ್ತೂವರೆಗೆ ಫೋನು ಬಂತು.

"ಡ್ಯೂರಿಯನ್ ಬರ್ತದ ನೋಡ್ರಿ. ಹಣ್ಣಂತ. ಭಾಳ ನಾರ್ತದಂತ. ನೀವು ತಿಂದೀರೇನು?"

"ಇಲ್ರಿ ಸರ."

"ನಾನೂ ತಿಂದಿಲ್ಲ. ಬರ್ಕೋರಿ."